ಒಮ್ಮೆ ಹೊರಡುವ, ಒಮ್ಮೆ ಹೊರಡದ ಕಾರು



ಮನೆಯ ಬಳಕೆಯ ಯಂತ್ರಗಳನ್ನು ಕುರಿತ ಈ ಅಂಕಣದಲ್ಲಿ ಕಳೆದ ತಿಂಗಳು ತೋಟದ ಪಂಪ್‌ಸೆಟ್ಟಿನ ವಿಚಾರವನ್ನು ಬರೆದಿದ್ದೆ. ಈ ಸಲ ಹಳೆಯ ಕಾರುಗಳಿಗೆ ಬರುವ ಒಂದು ಕಾಯಿಲೆಯನ್ನು ತೆಗೆದುಕೊಂಡಿದ್ದೇನೆ. ಕಾರು ಒಮ್ಮೆ ಕೀಲಿ ತಿರುಗಿಸಿದೊಡನೆ ಹೊರಡುತ್ತದೆ. ಇನ್ನೊಮ್ಮೆ ಅದೇ ಕೀಲಿ, ಅದೇ ಕೈ, ಅದೇ ಹೊತ್ತು. ಆದರೆ ಕಾರು ಅಲುಗುವುದಿಲ್ಲ. ಮೆಕ್ಯಾನಿಕ್ ಬಂದು ನಿಂತಾಗ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಸದಾ ಕೆಟ್ಟಿರುವ ಯಂತ್ರವನ್ನು ಸರಿಪಡಿಸುವುದು ಸುಲಭ. ಆಗಾಗ ಕೆಡುವ ಯಂತ್ರದ ದೋಷವನ್ನು ಹಿಡಿಯುವುದು ಕಷ್ಟ. "ನಮ್ಮ ಮನೆಯಲ್ಲಿ ಕಾರಿಲ್ಲ, ಇದು ಗಂಡಸರ ವಿಷಯ" ಎಂದು ತಾಯಂದಿರು ಪುಟ ಮಗುಚಬಾರದಾಗಿ ವಿನಂತಿ. ನಾನು ಹೇಳಲಿರುವ ಪ್ರಸಂಗದಲ್ಲಿ ರೋಗದ ಗುರುತನ್ನು ಮೊದಲು ಕಂಡದ್ದು ಕಾರು ಓಡಿಸಲು ಬಾರದ ಒಬ್ಬ ಹೆಣ್ಣುಮಗಳು.

ನಮ್ಮೂರು ನುಗ್ಗೇಹಳ್ಳಿ. ತಿಪಟೂರಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವ ರಸ್ತೆಯ ಮೇಲಿದೆ. ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಿಂದಾಗಿ ಹೊರಗಿನವರಿಗೆ ಊರಿನ ಹೆಸರು ಪರಿಚಿತ. ನಮಗಾದರೋ ತೆಂಗಿನ ತೋಟ, ರಾಗಿಯ ಹೊಲ, ಹಾಸನಕ್ಕೆ ಸುಮಾರು 50 ಕಿಲೋಮೀಟರು ದಾರಿ, ಇವೇ ಊರು. ಇಲ್ಲಿಯ ಮನೆಗಳ ಕೊಟ್ಟಿಗೆಯ ಪಕ್ಕದಲ್ಲಿ ಇಂದಿಗೂ ಹಳೆಯ ಕಾರುಗಳು ನಿಂತಿವೆ. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಆಗಲಿ, ಅದಕ್ಕಿಂತಲೂ ಹಿರಿಯದಾದ ಅಂಬಾಸಡರ್ ಆಗಲಿ 2014ರಲ್ಲಿ ತಯಾರಿಕೆ ನಿಂತರೂ ಹಳ್ಳಿಗಳಿಂದ ಮರೆಯಾಗಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದರೂ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಅವನ್ನು ಉಳಿಸಿಕೊಂಡವರು ಅನೇಕರು. ಹಳೆಯ ಕಾರನ್ನು ಅವರು ಶೋಕಿಗಾಗಿ ಇಟ್ಟುಕೊಂಡಿಲ್ಲ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದೆ ಇಟ್ಟುಕೊಂಡಿದ್ದಾರೆ.

ನನ್ನ ಅಣ್ಣನವರ ಮನೆಯ ಕಾರೂ ಅಂಥದೇ. ಕಾರ್ಬುರೇಟರಿನ ಕಾಲದ ಪೆಟ್ರೋಲ್ ಕಾರು. ವಯಸ್ಸು 30ಕ್ಕೆ ಸಮೀಪ. ಎರಡು ವರ್ಷಗಳ ಹಿಂದಿನವರೆಗೆ ಅದು ಮದುವೆ ಮುಂಜಿಗೆ, ಬೀಗರ ಮನೆಗೆ ಮಾತ್ರ ಹೊರಡುತ್ತಿತ್ತು. ಅತ್ತಿಗೆಯವರ ಮೂತ್ರಪಿಂಡಗಳು ಸೋತ ಮೇಲೆ ಅದರ ಪಾತ್ರವೇ ಬದಲಾಯಿತು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಬೆಳಗಿನ ಐದು ಗಂಟೆಗೆ ಮನೆ ಬಿಟ್ಟು ಹಾಸನದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಒಮ್ಮೆ ಯಂತ್ರಕ್ಕೆ ಜೋಡಿಸಿದರೆ ನಾಲ್ಕು ಗಂಟೆ. ಒಬ್ಬರು ತಡವಾಗಿ ಹೋದರೆ ಹಿಂದಿನವರ ಸರದಿ ಕಾದಿರುತ್ತದೆ. ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ. ತೆಂಗಿನ ತೋಟದ ನಡುವೆ ಬದುಕಿಯೂ ಎಳನೀರು ಕುಡಿಯುವಂತಿಲ್ಲದ ಅತ್ತಿಗೆಯವರಿಗೆ ಆ ಕಾರು ಔಷಧಿಯ ಪಟ್ಟಿಯಲ್ಲಿ ಸೇರಿಹೋಗಿತ್ತು.

ಅಣ್ಣನವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ನಸುಕಿನಲ್ಲಿ ಕಾರು ಓಡಿಸುವುದು ಆಗುತ್ತಿರಲಿಲ್ಲ. ಮಗ ಬೆಂಗಳೂರಿನ ನೌಕರಿಯಲ್ಲಿದ್ದಾನೆ. ಆದ್ದರಿಂದ ಊರಿನ ಒಬ್ಬ ಹುಡುಗನನ್ನು ಸಂಬಳಕ್ಕೆ ಗೊತ್ತುಮಾಡಿದ್ದರು. ಜೊತೆಗೆ ಹೋಗಿಬರುವವಳು ಸೊಸೆ.

ಮೊದಲ ಸೂಚನೆ

ಕಳೆದ ಕಾರ್ತಿಕ ಮಾಸದ ಒಂದು ಶುಕ್ರವಾರ ಆಸ್ಪತ್ರೆಯ ಆವರಣದಲ್ಲಿ ಕಾರು ಹೊರಡಲಿಲ್ಲ. ಕೀಲಿ ತಿರುಗಿಸಿದರೆ 'ಟಕ್' ಎಂಬ ಒಂದು ಸದ್ದು, ಅಷ್ಟೆ. ನಾಲ್ಕು ಜನ ತಳ್ಳಿದರು, ಹೊರಟಿತು. ಮುಂದಿನ ವಾರ ಮನೆಯಲ್ಲೇ, ನಸುಕಿನಲ್ಲಿ, ಅದೇ 'ಟಕ್'. ಅಂದು ಅತ್ತಿಗೆಯವರು ಎರಡು ಗಂಟೆ ತಡವಾಗಿ ತಲುಪಿ ಅರ್ಧ ಚಿಕಿತ್ಸೆಯಲ್ಲೇ ಹಿಂತಿರುಗಿದರು.

"ಬ್ಯಾಟರಿ ಹಳೆಯದು, ಬದಲಾಯಿಸಿರಿ" ಎಂದವನು ನಾನು. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಬೋಧಿಸಿದ ನನ್ನ ಮಾತಿಗೆ ಎದುರಾಡುವವರು ಯಾರು? ಹೊಸ ಬ್ಯಾಟರಿ ಬಂದಿತು. ಒಂಬತ್ತು ದಿನ ಕಾರು ಕುದುರೆಯಂತೆ ಓಡಿತು. ಹತ್ತನೆಯ ದಿನ ಮತ್ತೆ ನಿಂತಿತು.

ಆಗ ಅಣ್ಣನವರ ಮನಸ್ಸಿನಲ್ಲಿ ಸಂಶಯವೊಂದು ಹುಟ್ಟಿತು. ಹುಡುಗ ರಾತ್ರಿ ಕಾರಿನಲ್ಲಿ ಕುಳಿತು ಹಾಡು ಕೇಳುತ್ತಾನೆ, ದೀಪ ಆರಿಸದೆ ಹೋಗುತ್ತಾನೆ, ಹೊಸ ಬ್ಯಾಟರಿಯ ಶಕ್ತಿಯೆಲ್ಲ ಹಾಗೆ ಸೋರಿಹೋಗುತ್ತದೆ ಎಂದು ಯಾರೋ ಕಿವಿಯಲ್ಲಿ ಹೇಳಿದ್ದರು. ಹುಡುಗ ಇಲ್ಲವೆಂದು ಎಷ್ಟು ಹೇಳಿದರೂ ನಂಬುವವರಿರಲಿಲ್ಲ. ನಾಳೆಯಿಂದ ಬರಬೇಡವೆಂದು ಅವನಿಗೆ ಹೇಳಿದರು. ಅದೇ ವಾರ ಗ್ಯಾರೇಜಿನವರು ಸೆಲ್ಫ್ ಮೋಟಾರನ್ನು ಬಿಚ್ಚಿ, ಕಾರ್ಬನ್ ಬ್ರಷ್ಷುಗಳನ್ನು ಬದಲಾಯಿಸಿ ಕೂರಿಸಿದರು. ಮುಂದಿನ ಮೂರು ವಾರ ಕಾರು ಒಮ್ಮೆಯೂ ತಪ್ಪಲಿಲ್ಲ. "ನೋಡಿದೆಯಾ, ಹುಡುಗ ಹೋದ ಮೇಲೆ ಎಲ್ಲ ಸರಿಯಾಯಿತು" ಎಂದರು ಅಣ್ಣ. ನಾನೂ ತಲೆಯಾಡಿಸಿದೆ.

ಸಂಕ್ರಾಂತಿಯ ಮರುವಾರ ಕಾರು ಮತ್ತೆ 'ಟಕ್' ಎಂದಿತು.

ಸುಳ್ಳು ಸಮಾಧಾನ

ಇಲ್ಲಿ ಒಂದು ಲೆಕ್ಕವನ್ನು ಓದುಗರು ಗಮನಿಸಬೇಕು. ಐದು ಸಲಕ್ಕೆ ಒಂದು ಸಲ ಕೈಕೊಡುವ ಕಾರನ್ನು ತೆಗೆದುಕೊಳ್ಳಿ. ಏನನ್ನೂ ಸರಿಪಡಿಸದೆ ಸುಮ್ಮನೆ ಬಿಟ್ಟರೂ ಅದು ಸತತವಾಗಿ ಐದು ಸಲ ಹೊರಡುವ ಸಂಭವ ಮೂರರಲ್ಲಿ ಒಂದು ಪಾಲು. ಸತತ ಹತ್ತು ಸಲ ಹೊರಡುವ ಸಂಭವವೂ ಹತ್ತರಲ್ಲಿ ಒಂದು ಪಾಲಿನಷ್ಟಿದೆ. ಅಂದರೆ ದುರಸ್ತಿಯ ಮರುದಿನ ಕಾರು ಹೊರಟಿತೆಂದಾಕ್ಷಣ ದುರಸ್ತಿ ಫಲಿಸಿತೆಂದು ತಿಳಿಯುವುದು ತಪ್ಪು. ದಿನ ಬಿಟ್ಟು ದಿನ ಬರುವ ಚಳಿಜ್ವರದ ರೋಗಿಗೆ ಜ್ವರವಿಲ್ಲದ ದಿನ ಯಾರು ವಿಭೂತಿ ಹಚ್ಚಿದರೂ ಅವರಿಗೇ ಕೀರ್ತಿ ಬರುತ್ತದಲ್ಲವೆ? ಹಾಗೆಯೇ ಬ್ಯಾಟರಿಗೆ ಒಂಬತ್ತು ದಿನದ ಕೀರ್ತಿ ಬಂದಿತು; ಸೆಲ್ಫ್ ಮೋಟಾರಿಗೆ ಮೂರು ವಾರದ ಕೀರ್ತಿ ಬಂದಿತು; ನಿರಪರಾಧಿಯಾದ ಹುಡುಗನಿಗೆ ಅಪಕೀರ್ತಿ ಬಂದಿತು.

ಅದಲ್ಲದೆ ಯಾವ ದುರಸ್ತಿಯಲ್ಲಾದರೂ ಕೈ ಆಡಿದ ಕಡೆ ತಂತಿಗಳು ಅಲುಗುತ್ತವೆ, ಇಂಜಿನು ಕದಲುತ್ತದೆ. ಸಡಿಲವಾದ ಸಂಪರ್ಕವೊಂದು ಆ ಅಲುಗಾಟದಲ್ಲಿ ಕೆಲವು ದಿನ ತಾನಾಗಿಯೇ ಕೂಡಿಕೊಳ್ಳಬಹುದು. ಕಾಯಿಲೆ ಹೋಗಿರುವುದಿಲ್ಲ, ಮಲಗಿರುತ್ತದೆ.

ಸೊಸೆಯ ಕ್ಯಾಲೆಂಡರು

ಸಂಕ್ರಾಂತಿಯ ನಂತರ ನಾನು ಅಣ್ಣನವರ ಮನೆಗೆ ಹೋದಾಗ ಅಡುಗೆಮನೆಯ ಗೋಡೆಯ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಹಾಲಿನ ಲೆಕ್ಕ, ಅತ್ತೆಯ ತೂಕ, ಮಾತ್ರೆಗಳ ಲೆಕ್ಕದ ನಡುವೆ ಅಲ್ಲಲ್ಲಿ ಕೆಂಪು ಶಾಯಿಯ ಗುರುತುಗಳಿದ್ದವು. ಎಣಿಸಿದರೆ ಹನ್ನೊಂದು. "ಅವು ಕಾರು ಹೊರಡದ ದಿನಗಳು, ಚಿಕ್ಕಮಾವ" ಎಂದಳು ಸೊಸೆ.

ಕುಳಿತು ಒಂದೊಂದನ್ನೂ ವಿಚಾರಿಸಿದೆ. ಕೆಲವು ಬೆಳಗಿನ ಚಳಿಯಲ್ಲಿ, ಕೆಲವು ಮಧ್ಯಾಹ್ನದ ಬಿಸಿಲಿನಲ್ಲಿ. ಆದ್ದರಿಂದ ಚಳಿಯೂ ಕಾರಣವಲ್ಲ, ಬಿಸಿಯೂ ಕಾರಣವಲ್ಲ. ಇಂಜಿನು ಗರಗರನೆ ತಿರುಗಿ ಹತ್ತದೆ ಹೋದದ್ದು ಒಂದು ಸಲವೂ ಇಲ್ಲ. ಹನ್ನೊಂದು ಸಲವೂ ಇಂಜಿನು ತಿರುಗಲೇ ಇಲ್ಲ. ಎಂದಮೇಲೆ ಪೆಟ್ರೋಲು, ಪ್ಲಗ್ಗು, ಕಾಯಿಲ್, ಕಾರ್ಬುರೇಟರು, ಇವೆಲ್ಲ ಒಂದೇ ಏಟಿಗೆ ಸಂಶಯದ ಪಟ್ಟಿಯಿಂದ ಹೊರಗೆ. ಹನ್ನೊಂದು ಸಲವೂ ಮುಂದಿನ ದೀಪಗಳು ಪ್ರಕಾಶವಾಗಿಯೇ ಉರಿದಿದ್ದವು. ರಾತ್ರಿಯೆಲ್ಲ ದೀಪ ಉರಿದು ಬ್ಯಾಟರಿ ಬರಿದಾಗಿದ್ದರೆ ಹಾಗೆ ಆಗುವಂತಿರಲಿಲ್ಲ. ಹುಡುಗನ ನಿರ್ದೋಷಿತ್ವಕ್ಕೆ ಸಾಕ್ಷಿ ಅಡುಗೆಮನೆಯ ಗೋಡೆಯಲ್ಲೇ ಎರಡೂವರೆ ತಿಂಗಳಿನಿಂದ ತೂಗುತ್ತಿತ್ತು.

"ಇನ್ನೊಂದು ಮಾತಿದೆ. ಮಾವನವರಿಗೆ ಎರಡು ಸಲ ಹೇಳಿದೆ, ಅದು ಇಂಜಿನಿನ ಶಾಖವೆಂದರು" ಎಂದು ಅವಳು ಅಳುಕುತ್ತ ಮುಂದುವರಿಸಿದಳು. "ಅವನು ಬಾನೆಟ್ ತೆಗೆದು ನೋಡುವಾಗ ಒಳಗೆ ಕುಳಿತು ಕೀಲಿ ತಿರುಗಿಸುವವಳು ನಾನೇ. ಕಾರು ಹೊರಡದ ದಿನ ನಾಲ್ಕೈದು ಸಲ ಕೀಲಿ ತಿರುಗಿಸಿದ ಮೇಲೆ ಚೋಕಿನ ಗುಂಡಿ ಕೈಗೆ ಬಿಸಿ ತಾಕುತ್ತದೆ. ಪ್ಲಾಸ್ಟಿಕ್ ಸುಟ್ಟಂಥ ವಾಸನೆಯೂ ಬರುತ್ತದೆ. ಬೆಳಗಿನ ಐದು ಗಂಟೆಗೆ, ಇಂಜಿನು ತಣ್ಣಗಿರುವಾಗಲೂ."

ಮೂವತ್ತು ವರ್ಷ ವಿದ್ಯುತ್ತಿನ ಪಾಠ ಹೇಳಿದ ನಾನು ತಲೆ ತಗ್ಗಿಸಬೇಕಾಯಿತು. ರೋಗದ ಹೆಸರು ಆ ಮಾತಿನಲ್ಲೇ ಇತ್ತು.

ಚೋಕಿನ ಗುಂಡಿ ಏಕೆ ಬಿಸಿಯಾಯಿತು?

ಇದನ್ನು ತಿಳಿಯಲು ಕಾರಿನ ವಿದ್ಯುತ್ತು ಹರಿಯುವ ದಾರಿಯನ್ನು ಅರಿಯಬೇಕು. ವಿದ್ಯುತ್ತಿಗೆ ಹೋಗುವ ದಾರಿ ಇದ್ದಂತೆ ಹಿಂತಿರುಗುವ ದಾರಿಯೂ ಬೇಕು. ಬ್ಯಾಟರಿಯ ಧನ ತುದಿಯಿಂದ ದಪ್ಪ ತಂತಿಯೊಂದು ಸೆಲ್ಫ್ ಮೋಟಾರಿಗೆ ಹೋಗುತ್ತದೆ. ಮೋಟಾರಿನಿಂದ ಹಿಂತಿರುಗಲು ಬೇರೆ ತಂತಿಯಿಲ್ಲ. ಇಂಜಿನಿನ ಲೋಹವೇ ದಾರಿ. ಆದರೆ ಇಂಜಿನು ಅದುರದಿರಲೆಂದು ಅದನ್ನು ರಬ್ಬರಿನ ದಿಂಬುಗಳ ಮೇಲೆ ಕೂರಿಸಿರುತ್ತಾರೆ, ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಆದ್ದರಿಂದ ಇಂಜಿನು ಅಥವಾ ಗೇರ್‌ಬಾಕ್ಸಿನಿಂದ ಬಾಡಿಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಇದನ್ನೇ ಗ್ಯಾರೇಜಿನವರು ಅರ್ಥ್ ಪಟ್ಟಿ ಎನ್ನುವುದು. ಬಾಡಿಯಿಂದ ಬ್ಯಾಟರಿಯ ಋಣ ತುದಿಗೆ ಇನ್ನೊಂದು ತಂತಿ.

ಇಂಜಿನಿನ ಈ ಪಟ್ಟಿ ಕೆಟ್ಟರೆ ಏನಾಗುತ್ತದೆ? ದೀಪಗಳು ಬಾಡಿಯ ಮೂಲಕ ನೇರವಾಗಿ ಬ್ಯಾಟರಿಗೆ ಸಂಪರ್ಕ ಹೊಂದಿರುವುದರಿಂದ ಅವಕ್ಕೆ ಯಾವ ತೊಂದರೆಯೂ ಇಲ್ಲ. ಸೆಲ್ಫ್ ಮೋಟಾರಿನ ವಿದ್ಯುತ್ತು ಮಾತ್ರ ಇಂಜಿನಿನಲ್ಲಿ ಸಿಕ್ಕಿಬಿದ್ದು ಸಿಕ್ಕಿದ ಸಂದಿಯನ್ನು ಹುಡುಕುತ್ತದೆ. ಕಾರ್ಬುರೇಟರಿನಿಂದ ಡ್ಯಾಶ್‌ಬೋರ್ಡಿಗೆ ಬರುವ ಚೋಕಿನ ಉಕ್ಕಿನ ತಂತಿ, ಆಕ್ಸಿಲರೇಟರಿನ ತಂತಿ, ಇವೇ ಆಗ ದಾರಿಗಳು. ಸೆಲ್ಫ್ ಮೋಟಾರು ಎಳೆಯುವುದು ನೂರು, ನೂರೈವತ್ತು ಆಂಪಿಯರುಗಳಷ್ಟು ಪ್ರವಾಹ. ಅದರಲ್ಲಿ ಸ್ವಲ್ಪ ಪಾಲು ಆ ಸಣ್ಣ ತಂತಿಯಲ್ಲಿ ಹರಿದರೂ ಅದು ಇಸ್ತ್ರಿಪೆಟ್ಟಿಗೆಯ ತಂತಿಯಂತೆ ಕಾಯುತ್ತದೆ. ಸೊಸೆಯ ಕೈಗೆ ತಾಕಿದ ಬಿಸಿ ಅದೇ.

ಸಂಪರ್ಕ ಪೂರ್ತಿ ಕಡಿದಿರಬೇಕೆಂದೇನೂ ಇಲ್ಲ. ತೋಟದ ಪೈಪಿನಲ್ಲಿ ಹೂಳು ತುಂಬಿದರೆ ಒಂದು ಗಿಡಕ್ಕೆ ತೊಟ್ಟಿಕ್ಕುವಷ್ಟು ನೀರು ಬರುತ್ತದೆ, ಪಾತಿಗೆ ಹರಿಸಲು ಹೋದರೆ ಬರುವುದಿಲ್ಲ. ಹಾಗೆಯೇ ಒಂದು ಓಮಿನ ಐವತ್ತನೆಯ ಒಂದು ಪಾಲು ತಡೆಯಿರುವ ಸಂಪರ್ಕದಲ್ಲಿ ದೀಪದ ಹತ್ತು ಆಂಪಿಯರು ಹರಿದರೆ ನಷ್ಟವಾಗುವುದು 0.2 ವೋಲ್ಟ್, ಕಣ್ಣಿಗೆ ತಿಳಿಯದು. ಸೆಲ್ಫಿನ ನೂರೈವತ್ತು ಆಂಪಿಯರು ಹರಿಯಲು ಹೊರಟರೆ ನಷ್ಟ 3 ವೋಲ್ಟ್; ಮೋಟಾರು ಸೋಲುತ್ತದೆ. "ದೀಪ ಚೆನ್ನಾಗಿ ಉರಿಯುತ್ತಿದೆ, ಆದ್ದರಿಂದ ಸಂಪರ್ಕವೆಲ್ಲ ಸರಿಯಾಗಿದೆ" ಎಂಬ ವಾದ ಇದರಿಂದ ಬಿದ್ದುಹೋಗುತ್ತದೆ.

ಕಾಯಿಲೆ ಕಾಣದ ದಿನವೂ ಹಿಡಿಯುವ ಪರೀಕ್ಷೆ

ಊಹೆ ಎಷ್ಟೇ ಚೆನ್ನಾಗಿರಲಿ, ಅಳೆಯದೆ ನಂಬಬಾರದು. ಬ್ಯಾಟರಿಯ ವಿಷಯದಲ್ಲಿ ನಾನು ಮಾಡಿದ ತಪ್ಪು ಅದೇ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರೊಂದು ಸಾಕು. ಕಾರನ್ನು ನ್ಯೂಟ್ರಲಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನು ಹತ್ತದಿರಲೆಂದು ಕಾಯಿಲಿನ ಸಣ್ಣ ತಂತಿಯನ್ನು ಬಿಚ್ಚಿಟ್ಟೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಯ ಸೀಸದ ಮೇಲೆ, ಇನ್ನೊಂದನ್ನು ಇಂಜಿನಿನ ಬರಿಯ ಲೋಹದ ಮೇಲೆ ಒತ್ತಿ ಹಿಡಿದೆ. ಸೊಸೆ ಕೀಲಿ ತಿರುಗಿಸಿದಳು. ಅಂದು ಕಾರಿಗೆ ಕಾಯಿಲೆ ಇರಲಿಲ್ಲ. ಇಂಜಿನು ಚೆನ್ನಾಗಿಯೇ ತಿರುಗಿತು. ಆದರೂ ಮೀಟರು 0.9 ವೋಲ್ಟ್ ತೋರಿಸಿತು. ಆರೋಗ್ಯವಾದ ಕಾರಿನಲ್ಲಿ ಇದು 0.2 ಅಥವಾ 0.3ನ್ನು ಮೀರಬಾರದು.

ಈ ಪರೀಕ್ಷೆಯ ಹಿರಿಮೆ ಇಲ್ಲಿದೆ. ಕಾರು ನಿಂತುಹೋಗುವವರೆಗೆ ಕಾಯಬೇಕಾಗಿಲ್ಲ. ಅದು ನಗುನಗುತ್ತ ಹೊರಟ ದಿನವೂ ಒಳಗಿನ ದೋಷ ಅಂಕಿಯಾಗಿ ಹೊರಗೆ ಬರುತ್ತದೆ. ಎಂಟನೆಯ ಸಲ ಕೀಲಿ ತಿರುಗಿಸಿದಾಗ ನಮ್ಮ ಅದೃಷ್ಟಕ್ಕೆ 'ಟಕ್' ಎಂದಿತು. ಮೀಟರಿನಲ್ಲಿ 7 ವೋಲ್ಟ್! ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆದರೆ 12ಕ್ಕೂ ಹೆಚ್ಚು ಹಾಗೆಯೇ ಇತ್ತು. ಬ್ಯಾಟರಿ ಕೊಡಲು ಸಿದ್ಧ, ಮೋಟಾರು ದುಡಿಯಲು ಸಿದ್ಧ. ನಡುವಿನ ದಾರಿಯೇ ಕಟ್ಟಿತ್ತು.

ಮೀಟರು ಇಲ್ಲದವರು ಇನ್ನೊಂದು ವಿಧಾನವನ್ನು ಅನುಸರಿಸಬಹುದು. ಕಾರು ಹೊರಡದೆ ನಿಂತಾಗ ದಪ್ಪನೆಯ ಜಂಪರ್ ತಂತಿಯಿಂದ ಬ್ಯಾಟರಿಯ ಋಣ ತುದಿಯನ್ನು ಇಂಜಿನಿನ ಬರಿಯ ಲೋಹಕ್ಕೆ ಸೇರಿಸಿ ಕೀಲಿ ತಿರುಗಿಸಬೇಕು. ಆಗ ಇಂಜಿನು ಒಡನೆಯೇ ತಿರುಗಿದರೆ ದೋಷ ಅರ್ಥ್ ದಾರಿಯಲ್ಲೇ ಇದೆ.

ಕಾರಿನ ಕೆಳಗೆ ನೋಡಿದಾಗ ಗೇರ್‌ಬಾಕ್ಸಿನ ಪಟ್ಟಿ ಮೇಲ್ನೋಟಕ್ಕೆ ಬಿಗಿಯಾಗಿಯೇ ಇತ್ತು. ಬೋಲ್ಟನ್ನು ಬಿಚ್ಚಿದಾಗ ಒಳಗೆ ತುಕ್ಕು, ಎಣ್ಣೆಯ ಜಿಡ್ಡು. ಹೆಣಿಗೆಯ ಎಳೆಗಳಲ್ಲಿ ಅರ್ಧಕ್ಕೂ ಹೆಚ್ಚು ತುಂಡಾಗಿದ್ದವು. ರಸ್ತೆಯ ಹಳ್ಳದಿಣ್ಣೆಯಲ್ಲಿ ಇಂಜಿನು ಕುಲುಕಿ ಹೇಗೆ ನಿಂತಿತೋ ಹಾಗೆ ಒಮ್ಮೆ ಕೂಡಿಕೊಳ್ಳುತ್ತಿತ್ತು, ಒಮ್ಮೆ ಬಿಟ್ಟುಕೊಳ್ಳುತ್ತಿತ್ತು. ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಪಟ್ಟಿಯನ್ನು ಬಿಗಿದು, ಮೇಲೆ ವ್ಯಾಸಲೀನ್ ಸವರಿದೆವು. ಮತ್ತೆ ಅಳೆದಾಗ 0.15 ವೋಲ್ಟ್. ಬ್ಯಾಟರಿಗೆ, ಸೆಲ್ಫಿಗೆ ಆದ ಖರ್ಚಿನ ಮುಂದೆ ಆ ಪಟ್ಟಿಯ ಬೆಲೆ ಏನೇನೂ ಅಲ್ಲ.

ಅಷ್ಟಾದರೂ ಕಾರು ಗುಣವಾಯಿತೆಂದು ನಾನು ಅಂದು ಹೇಳಲಿಲ್ಲ. ಕ್ಯಾಲೆಂಡರಿನಲ್ಲಿ ಇಪ್ಪತ್ತು ಸಲ ಗುರುತು ಹಾಕಿದ ಮೇಲೆ ಹೇಳುತ್ತೇನೆಂದೆ. ಐದಕ್ಕೊಂದು ಸಲ ಕೆಡುವ ಕಾರು ಸುಮ್ಮನೆ ಇಪ್ಪತ್ತು ಸಲ ಹೊರಡುವ ಸಂಭವ ನೂರರಲ್ಲಿ ಒಂದು ಪಾಲು ಮಾತ್ರ. ಆ ಇಪ್ಪತ್ತೂ ಆಯಿತು; ಇಂದಿಗೆ ನೂರು ದಾಟಿದೆ.

ಆದರೆ ಅಣ್ಣನವರು ಇಪ್ಪತ್ತರವರೆಗೆ ಕಾಯಲಿಲ್ಲ. ತುಂಡಾದ ಪಟ್ಟಿಯನ್ನು ಕಾಗದದಲ್ಲಿ ಸುತ್ತಿಕೊಂಡು ಅಂದು ಸಂಜೆಯೇ ಹುಡುಗನ ಮನೆಗೆ ನಡೆದುಹೋದರು. ನಾನೂ ಜೊತೆಗಿದ್ದೆ. ಅವನು ಹಗಲೆಲ್ಲ ತೆಂಗಿನಕಾಯಿ ಸುಲಿಯುವ ಕೆಲಸ ಮಾಡಿ ಆಗಷ್ಟೇ ಬಂದಿದ್ದ. ಅಣ್ಣ ಆ ಪಟ್ಟಿಯನ್ನು ಅವನ ಅಂಗೈಯಲ್ಲಿಟ್ಟು, "ತಪ್ಪು ಇದರದು, ನಿನ್ನದಲ್ಲ. ನಿನ್ನ ಮೇಲೆ ಹಾಕಿದವನು ನಾನು" ಎಂದರು. ಕೆಲಸವಿಲ್ಲದ ದಿನಗಳ ಸಂಬಳವನ್ನು ಅವನ ತಾಯಿಯ ಕೈಗೆ ಕೊಟ್ಟರು. ಊರೊಳಗೆ ಆದ ಅವಮಾನಕ್ಕೆ ಬೆಲೆ ಕಟ್ಟಲು ಯಾವ ಲೆಕ್ಕವೂ ಇಲ್ಲವೆಂಬುದು ಅವರಿಗೂ ಗೊತ್ತಿತ್ತು. ಹುಡುಗ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬಹಳ ಹೊತ್ತು ಸುಮ್ಮನಿದ್ದು, "ಯಜಮಾನರೇ, ಅಮ್ಮನವರು ಹೇಗಿದ್ದಾರೆ? ಶುಕ್ರವಾರ ಎಷ್ಟು ಗಂಟೆಗೆ ಬರಲಿ?" ಎಂದು ಕೇಳಿದ.

ನಿಮ್ಮ ಕಾರಿಗೆ ಹೀಗಾದರೆ

ಎಲ್ಲರ ಕಾರಿನಲ್ಲೂ ದೋಷ ಅರ್ಥ್ ಪಟ್ಟಿಯದೇ ಆಗಿರಬೇಕೆಂದಿಲ್ಲ. ಆದ್ದರಿಂದ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇಂಜಿನು ತಿರುಗುತ್ತಿದೆಯೆ, ಇಲ್ಲವೆ?

ಒಂದು: ಇಂಜಿನು ನಿಧಾನವಾಗಿ, ಆಯಾಸದಿಂದ ತಿರುಗಿ, ದೀಪಗಳೂ ಮಂಕಾದರೆ ಬ್ಯಾಟರಿಯನ್ನು ಪರೀಕ್ಷಿಸಿರಿ. ಕಾರು ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ಣ, 12.2 ಇದ್ದರೆ ಅರ್ಧ. 12ಕ್ಕೆ ಇಳಿದಿದ್ದರೆ ಬಹುಪಾಲು ಬರಿದು. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಇಂಜಿನು ಓಡುವಾಗ 13.8ರಿಂದ 14.4 ಇರಬೇಕು, ಇಲ್ಲವಾದರೆ ಚಾರ್ಜಿಂಗ್ ವ್ಯವಸ್ಥೆಯ ದೋಷ. ಅದನ್ನು ಬಿಟ್ಟು ಬ್ಯಾಟರಿ ಬದಲಾಯಿಸಿದರೆ ಹೊಸದೂ ಬರಿದಾಗುತ್ತದೆ.

ಎರಡು: ಇಂಜಿನು ತಿರುಗದೆ 'ಟಕ್' ಎಂದು ಮಾತ್ರ ಸದ್ದಾದರೆ ಬ್ಯಾಟರಿಯ ತುದಿಗಳ ಬಿಳಿ ಹಸಿರು ಪುಡಿ, ಅರ್ಥ್ ಪಟ್ಟಿ, ಸೊಲೆನಾಯ್ಡಿನ ಸಂಪರ್ಕ, ಸೆಲ್ಫಿನ ಬ್ರಷ್ಷು, ಈ ಕ್ರಮದಲ್ಲಿ ನೋಡಿರಿ. ಯಾವ ಸದ್ದೂ ಇಲ್ಲದಿದ್ದರೆ ಕೀಲಿಯ ಸ್ವಿಚ್ಚು ಅಥವಾ ಸೊಲೆನಾಯ್ಡಿಗೆ ಹೋಗುವ ಸಣ್ಣ ತಂತಿ. ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ಸ್ವಲ್ಪ ಅಲುಗಿಸಿದ ಮೇಲೆ ಹೊರಟರೆ ಸೆಲ್ಫಿನ ಹಲ್ಲುಚಕ್ರ ಸಿಕ್ಕಿಕೊಂಡಿರಬಹುದು ಅಥವಾ ಫ್ಲೈವೀಲಿನ ಹಲ್ಲು ಒಂದೆಡೆ ಸವೆದಿರಬಹುದು.

ಮೂರು: ಇಂಜಿನು ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಕಿಡಿ ಇಲ್ಲ, ಇಲ್ಲವೆ ಪೆಟ್ರೋಲು ಇಲ್ಲ. ಮಳೆಗಾಲದ ಬೆಳಿಗ್ಗೆ ಹೀಗಾದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳದ ತೇವವನ್ನು ಒಣ ಬಟ್ಟೆಯಿಂದ ಒರೆಸಿರಿ. ಬಿಸಿಯಾದಾಗ ಮಾತ್ರ ಆಗಿ, ತಣಿದ ಮೇಲೆ ಸರಿಹೋದರೆ ಕಾಯಿಲ್, ಕಂಡೆನ್ಸರುಗಳ ಮೇಲೆ ಸಂಶಯವಿಡಿ. ಬೇಸಿಗೆಯಲ್ಲಿ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ತಡೆಯೊಡ್ಡುವುದೂ ಉಂಟು. ಪೆಟ್ರೋಲಿನ ವಾಸನೆ ಜೋರಾಗಿದ್ದರೆ ಇಂಜಿನಿಗೆ ಹೆಚ್ಚಾಗಿದೆ ಎಂದರ್ಥ. ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಬೇಕು.

ಕೆಲವು ಎಚ್ಚರಿಕೆಗಳು: ಸೆಲ್ಫನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬಾರದು, ನಡುವೆ ವಿರಾಮ ಕೊಡಬೇಕು. ಬ್ಯಾಟರಿಯ ಬಳಿ ಬೆಂಕಿ, ಬೀಡಿ ಕೂಡದು. ಅದರಿಂದ ಹೊರಡುವ ಜಲಜನಕ ಅನಿಲ ಸಿಡಿಯಬಲ್ಲದು. ಕೈಯ ಉಂಗುರ, ಬಳೆಗಳನ್ನು ತೆಗೆದಿಡಬೇಕು. ಬಿಚ್ಚುವಾಗ ಋಣ ತುದಿ ಮೊದಲು, ಜೋಡಿಸುವಾಗ ಋಣ ತುದಿ ಕೊನೆಗೆ. ತುದಿಯ ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆಯಬಹುದು. ಆ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಕಾರಿನ ಕೆಳಗೆ ಹೋಗುವಾಗ ಜ್ಯಾಕನ್ನು ಮಾತ್ರ ನಂಬದೆ ಗಟ್ಟಿಯಾದ ಆಸರೆ ಕೊಡಲೇಬೇಕು. ಕಂಪ್ಯೂಟರ್ ನಿಯಂತ್ರಣವಿರುವ ಹೊಸ ಕಾರುಗಳಲ್ಲಿ ಇಂಥ ಪ್ರಯೋಗಗಳನ್ನು ಪರಿಣತರಿಗೇ ಬಿಡಬೇಕು.

ಕೊನೆಯ ಮಾತು

ಇಂಜಿನನ್ನು ಕೈಯಿಂದ ತಿರುಗಿಸುವ ಹ್ಯಾಂಡಲು ಹಿಮ್ಮುಖವಾಗಿ ಚಿಮ್ಮಿ ತೋಳು ಮುರಿಯುತ್ತಿದ್ದ ಕಾಲವೊಂದಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ವಿದ್ಯುತ್ ಸೆಲ್ಫನ್ನು ರೂಪಿಸಿದ ಮೇಲೆ, 1912ರ ಕ್ಯಾಡಿಲಾಕ್ ಕಾರುಗಳಿಂದ ಮೊದಲುಗೊಂಡು, ಆ ಕಷ್ಟ ನೀಗಿತು. ನೂರು ವರ್ಷಗಳಿಗೂ ಹಿಂದಿನ ಆ ಸರಳ ವ್ಯವಸ್ಥೆ ಇಂದಿಗೂ ತಾಳ್ಮೆಯಿಂದ ನೋಡುವವರಿಗೆ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ.

ನಮ್ಮೂರಿನ ದೇವಾಲಯದ ಶಿಲ್ಪಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಮುಂತಾದ ಶಿಲ್ಪಿಗಳ ಹೆಸರು ಕೆತ್ತಿದೆ. ಏಳೂಮುಕ್ಕಾಲು ಶತಮಾನ ಕಳೆದರೂ ಯಾವ ಕೆಲಸ ಯಾರದೆಂದು ಹೇಳಬಹುದು. ನಮ್ಮ ಕಾರುಗಳಿಗೆ ಕಳೆದ ವರ್ಷ ಯಾರು ಏನು ಮಾಡಿದರೆಂದು ಹೇಳಲು ನಮ್ಮಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಕಾರಿನಲ್ಲಿ ಒಂದು ಪೆನ್ನು, ಒಂದು ಸಣ್ಣ ಪುಸ್ತಕ ಇಡಿರಿ. ಎಂದು ಕೆಟ್ಟಿತು, ಚಳಿಯೋ ಬಿಸಿಲೋ, ಇಂಜಿನು ತಿರುಗಿತೋ ಇಲ್ಲವೋ, ಏನು ಬದಲಾಯಿಸಿದರು, ಎಷ್ಟು ದಿನ ನಿಂತಿತು, ಇಷ್ಟನ್ನು ಬರೆದಿಡಿರಿ. ಮನೆಯ ಹೆಣ್ಣುಮಕ್ಕಳು ಕಂಡದ್ದನ್ನೂ ಅದರಲ್ಲಿ ಬರೆಸಿರಿ.

ಯಂತ್ರ ಕೆಟ್ಟಾಗ ಮನುಷ್ಯನ ಮೇಲೆ ಸಂಶಯ ಪಡುವುದಕ್ಕೆ ಮೀಟರು ಬೇಕಾಗಿಲ್ಲ, ಸ್ಪ್ಯಾನರೂ ಬೇಕಾಗಿಲ್ಲ. ಅದಕ್ಕಾಗಿಯೇ ನಾವು ಮೊದಲು ಅದನ್ನು ಮಾಡಿಬಿಡುತ್ತೇವೆ. ಮೊದಲು ತಂತಿಯನ್ನು ನೋಡೋಣ. ಮುಂದಿನ ಸಂಚಿಕೆಯಲ್ಲಿ ಮಳೆಗಾಲಕ್ಕೆ ಮುನ್ನ ಮನೆಯ ವಿದ್ಯುತ್ ಅರ್ಥಿಂಗ್ ಪರೀಕ್ಷಿಸುವ ಕ್ರಮವನ್ನು ತಿಳಿಸುತ್ತೇನೆ.